ಬೆಕ್ಕಿನ ಮರಿಗೆ ಶೌಚದ ಪಾಠ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ಕಾವ್ಯ, ಇತಿಹಾಸ, ದೇಶಸೇವೆ ಮೊದಲಾದ ಘನವಾದ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ನಾನು ಆರಿಸಿಕೊಂಡ ವಿಷಯವನ್ನು ನೋಡಿ ಸಹಪಾಠಿಗಳು ನಗಬಹುದು. ಗುರುಗಳು ಮೂಗು ಮುಚ್ಚಿಕೊಳ್ಳಬಹುದು. ಆದರೆ ಮನೆಯೊಳಗೆ ಬೆಕ್ಕು ಸಾಕಿದವರಿಗೆ ಇದು ನಗುವ ಮಾತಲ್ಲ. ಮರಿಯು ಮಲಮೂತ್ರ ವಿಸರ್ಜನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಯ ಮೇಲೆ, ಅದು ಮನೆಯಲ್ಲಿ ಉಳಿಯುವುದೋ ಗೋಣಿಚೀಲ ಸೇರಿ ಊರಾಚೆಗೆ ಹೋಗುವುದೋ ಎಂಬುದು ತೀರ್ಮಾನವಾಗುತ್ತದೆ. ನಮ್ಮ ಮನೆಯಲ್ಲಿ ಅಂಥ ತೀರ್ಮಾನದ ಕಾಲ ಬಂದಿತ್ತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ತಂದೆಯವರು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸದಲ್ಲಿದ್ದಾರೆ. ನಮ್ಮದು ಎರಡು ಕೋಣೆಯ ಹೆಂಚಿನ ಮನೆ. ಇಲಿಗಳ ಕಾಟ ಹೇಳತೀರದು. ಗ್ರಂಥಾಲಯದಿಂದ ತಂದ ಪುಸ್ತಕದ ಮೂಲೆಯನ್ನು ಇಲಿ ಕಡಿದುದರಿಂದ ನಾನು ದಂಡ ತೆತ್ತದ್ದೂ ಉಂಟು. ಆದುದರಿಂದ ಕಳೆದ ಮಳೆಗಾಲದಲ್ಲಿ ತಾಯಿಬೆಕ್ಕೊಂದು ಮೂರು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು ನಮ್ಮ ಅಟ್ಟದಲ್ಲಿಟ್ಟಾಗ ಎಲ್ಲರಿಗೂ ಸಂತೋಷವೇ ಆಯಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಷ್ಟೆ. ನಮ್ಮದು ಎಷ್ಟನೆಯ ಮನೆಯೋ ತಿಳಿಯದು. ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಕಾಲು ಬಲಿತ ಮರಿಗಳು ಕೆಳಗಿಳಿದವು. ಅಕ್ಕಿಮೂಟೆಯ ಸಂದಿ, ಬಟ್ಟೆಯ ಗಂಟು, ಕೊನೆಗೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನ ಹಾಸಿಗೆ, ಇವೆಲ್ಲ ಅವುಗಳ ಶೌಚಸ್ಥಾನಗಳಾದವು. ಅಪ್ಪ ಒಂದೇ ಮಾತು ಹೇಳಿದರು: “ಎಂಟು ದಿನ ನೋಡ್ತೀನಿ. ಆಮೇಲೂ ಒಳಗೆ ಗಲೀಜು ಮಾಡಿದ್ರೆ ಚೀಲಕ್ಕೆ ಹಾಕ್ಕೊಂಡು ಹೋಗಿ ನಾಲೆ ಆಚೆ ಬಿಟ್ಟು ಬರ್ತೀನಿ.” ಅಷ್ಟು ಎಳೆಯ ಮರಿಗಳು ನಾಲೆಯಾಚೆ ಬದುಕಲಾರವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಮರಿಯ ಕುತ್ತಿಗೆ ಹಿಡಿದು ಅದರ ಮೂತಿಯನ್ನು ಗಲೀಜಿನ ಹತ್ತಿರ ಒಯ್ದು ಗದರಿಸಿದೆ. ಹೀಗೆ ಮಾಡಿದರೆ ಬುದ್ಧಿ ಬರುತ್ತದೆಂದು ಅನೇಕರು ನಂಬಿದ್ದಾರೆ. ಆದರೆ ಆಗಿಹೋದ ಕೆಲಸಕ್ಕೂ ಈಗಿನ ಗದರಿಕೆಗೂ ಸಂಬಂಧ ಕಲ್ಪಿಸುವ ಶಕ್ತಿ ಮರಿಗಿಲ್ಲ. ಈ ಮನುಷ್ಯನನ್ನು ಕಂಡರೆ ಓಡಬೇಕು ಎಂಬಷ್ಟನ್ನು ಮಾತ್ರ ಅದು ಕಲಿಯುತ್ತದೆ. ಮರುದಿನ ಇನ್ನೂ ಮರೆಯಾದ ಮೂಲೆಯನ್ನು ಹುಡುಕುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ವಾಸನೆ ಹೋಗಲೆಂದು ನೆಲಕ್ಕೆ ಫಿನಾಯಿಲ್ ಸುರಿದೆ. ಅದರ ಮೇಲೆ ಓಡಾಡಿದ ಮರಿಯೊಂದು ಪಾದ ನೆಕ್ಕಿಕೊಂಡು ಜೊಲ್ಲು ಸುರಿಸತೊಡಗಿತು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿಯ ವೈದ್ಯರು ಪಾದ ತೊಳೆಸಿ, ಔಷಧ ಕೊಟ್ಟು, ಕಾರಣವನ್ನೂ ತಿಳಿಸಿದರು. ಫೀನಾಲ್ ಜಾತಿಯ ವಸ್ತುಗಳು ದೇಹ ಸೇರಿದರೆ ಮನುಷ್ಯನ ಪಿತ್ತಜನಕಾಂಗ ಅವುಗಳ ವಿಷವನ್ನು ಮುರಿದು ಹೊರಹಾಕಬಲ್ಲುದು. ಬೆಕ್ಕಿನದಕ್ಕೆ ಆ ಶಕ್ತಿ ಬಹಳ ಕಡಿಮೆ. ಬೆಕ್ಕಿರುವ ಮನೆಯಲ್ಲಿ ಸೋಪಿನ ನೀರಿನಿಂದ ತೊಳೆದು, ನೀರು ಬೆರೆಸಿದ ವಿನಿಗರಿನಿಂದ ಒರೆಸಿ ಒಣಗಿಸುವುದೇ ಕ್ಷೇಮ. ಅಮೋನಿಯಾ ಬೆರೆತ ದ್ರಾವಣವೂ ಕೂಡದು. ಅದರ ವಾಸನೆ ಮೂತ್ರದ ವಾಸನೆಯನ್ನು ಹೋಲುವುದರಿಂದ ಮರಿಯು ಮತ್ತೆ ಅಲ್ಲಿಗೇ ಬರುತ್ತದೆ.

ಇನ್ನು ಮರಿಯ ಸ್ವಭಾವವನ್ನು ನೋಡೋಣ. ಹುಟ್ಟಿದ ಮೊದಲ ಮೂರು ವಾರ ಅದು ತಾನಾಗಿ ಮಲಮೂತ್ರ ಮಾಡಲಾರದು. ತಾಯಿ ಅದರ ಹಿಂಭಾಗವನ್ನು ನಾಲಗೆಯಿಂದ ನೆಕ್ಕಿ ಪ್ರಚೋದಿಸಬೇಕು. ಬಂದುದನ್ನು ತಾಯಿಯೇ ನೆಕ್ಕಿ ಶುಚಿಮಾಡುತ್ತದೆ. ಮರಿಗಳು ಅಟ್ಟದಲ್ಲಿದ್ದಷ್ಟು ದಿನ ನಮಗೆ ವಾಸನೆಯೇ ಬಾರದಿದ್ದುದು ಇದರಿಂದ. ತಾಯಿಯಿಲ್ಲದ ತಬ್ಬಲಿ ಮರಿಯನ್ನು ಸಾಕುವವರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಹಾಲು ಕೊಟ್ಟಾಗಲೆಲ್ಲ, ಈ ಕೆಲಸವನ್ನು ಮಾಡಬೇಕಾಗುತ್ತದೆ. ಮೂರರಿಂದ ನಾಲ್ಕು ವಾರದ ಹೊತ್ತಿಗೆ ಮರಿಗೆ ಸ್ವಂತ ಹತೋಟಿ ಬರುತ್ತದೆ. ಆಗಲೇ ಅದು ಸಡಿಲವಾದ ಮಣ್ಣು ಕಂಡಲ್ಲಿ ಪಂಜದಿಂದ ಕೆರೆಯಲಾರಂಭಿಸುತ್ತದೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಾಕುಬೆಕ್ಕಿನ ಪೂರ್ವಜರು ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡಿನ ಕಾಡುಬೆಕ್ಕುಗಳು. ತೋಡುವುದು, ಮುಚ್ಚುವುದು ಇವು ರಕ್ತದಲ್ಲಿಯೇ ಬಂದ ಗುಣಗಳು. ನಮ್ಮ ಮರಿಗಳು ಬಟ್ಟೆಗಂಟಿಗೆ ಹೋದುದು ಹಟದಿಂದಲ್ಲ. ಮನೆಯೊಳಗೆ ಕೆರೆಯಲು ಮೆತ್ತಗಿದ್ದುದು ಅದೊಂದೇ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಸರಿಯಾದ ಜಾಗವನ್ನು ಒದಗಿಸುವುದು. ಅಂಗಡಿಯಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ ತಟ್ಟೆಗಳು ಸಿಗುತ್ತವೆ. ನಾನು ಹಳೆಯ ಎಣ್ಣೆ ಡಬ್ಬಿಯನ್ನು ಉದ್ದಕ್ಕೆ ಸೀಳಿಸಿ, ಕೈಕಾಲಿಗೆ ತಾಗದಂತೆ ಅಂಚು ಮಡಿಸಿ ಬಡಿಸಿ, ಎರಡು ತಟ್ಟೆ ಮಾಡಿಕೊಂಡೆ. ಒಂದು ಬದಿಯಾದರೂ ಎರಡು ಅಂಗುಲಕ್ಕಿಂತ ಎತ್ತರವಿರಬಾರದು. ಎಳೆಯ ಮರಿ ಎತ್ತರದ ಅಂಚನ್ನು ಹತ್ತಲಾರದೆ ಹೊರಗೇ ಕೆಲಸ ಮುಗಿಸುತ್ತದೆ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ತಟ್ಟೆ ಹೆಚ್ಚಿಗಿರಬೇಕೆಂಬುದು ಬಲ್ಲವರ ನಿಯಮ. ನಮ್ಮಲ್ಲಿ ಅಷ್ಟು ಸ್ಥಳವಿಲ್ಲದ ಕಾರಣ, ಕೋಣೆಗೊಂದರಂತೆ ಎರಡರಲ್ಲೇ ತೃಪ್ತಿಪಟ್ಟೆ.

ತಟ್ಟೆಗೆ ಏನನ್ನು ತುಂಬಬೇಕು? ಬಚ್ಚಲೊಲೆಯ ಬೂದಿ ಬಿಟ್ಟಿಯಾಗಿ ಸಿಗುವುದರಿಂದ ಮೊದಲು ಅದನ್ನೇ ಹಾಕಿದೆ. ಬೆಳಗಾಗುವಷ್ಟರಲ್ಲಿ ನೆಲದ ಮೇಲೆಲ್ಲ ಬೂದಿಯ ಹೆಜ್ಜೆಗಳು! ಮುಂದೆ ಓದುವಾಗ ತಿಳಿಯಿತು, ಈ ಕಷ್ಟ ನಮ್ಮದೊಂದೇ ಅಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಗೃಹಿಣಿಯೊಬ್ಬಳು ಬೆಕ್ಕಿಗೆ ಬೂದಿ ಹಾಕಿ, ಮನೆಯೆಲ್ಲ ಕರಿಹೆಜ್ಜೆಯಾಗಿ ಬೇಸತ್ತು, ನೆರೆಯ ಎಡ್ವರ್ಡ್ ಲೋ ಎಂಬಾತನಲ್ಲಿ ಮರಳು ಕೇಳಿದಳಂತೆ. ಎಣ್ಣೆ ಚೆಲ್ಲಿದಾಗ ಹೀರಲು ಕಾರ್ಖಾನೆಗಳಿಗೆ ಮಾರುತ್ತಿದ್ದ ಒಣ ಜೇಡಿಯ ಹರಳನ್ನು ಆತ ಕೊಟ್ಟ. ಅದು ಮೂತ್ರವನ್ನೂ ವಾಸನೆಯನ್ನೂ ಚೆನ್ನಾಗಿ ಹೀರಿತು. ಇಂದು ಪೊಟ್ಟಣಗಳಲ್ಲಿ ಮಾರುವ ಬೆಕ್ಕಿನ ಮಣ್ಣಿನ ವ್ಯಾಪಾರ ಬೆಳೆದುದು ಹೀಗೆ. ಬೂದಿಯಲ್ಲಿ ಇನ್ನೊಂದು ದೋಷವೂ ಇದೆ: ಅದು ಒದ್ದೆಯಾದರೆ ಕ್ಷಾರವಾಗಿ ಮರಿಯ ಎಳೆಯ ಪಾದವನ್ನು ಸುಡುತ್ತದೆ.

ಪೊಟ್ಟಣದ ಮಣ್ಣು ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. ನೀರು ಸೋಕಿದೊಡನೆ ಗಟ್ಟಿಯಾಗಿ ಉಂಡೆಕಟ್ಟುವ ಬೆಂಟೊನೈಟ್ ಜೇಡಿ ಎಳೆಯ ಮರಿಗಳಿಗೆ ತಕ್ಕುದಲ್ಲ. ಮರಿಗಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ನುಂಗಿದ ಜೇಡಿ ಕರುಳಿನಲ್ಲಿ ಉಬ್ಬಿ ಅಡ್ಡಿಯಾಗಬಹುದು. ಅಪ್ಪ ಗಿರಣಿಯಿಂದ ತಂದ ಭತ್ತದ ಹೊಟ್ಟನ್ನೂ ನೋಡಿದೆ. ಅದರ ಧೂಳಿಗೆ ಮರಿಗಳು ಸೀನಿದವು. ಕೊನೆಗೆ ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮರಳನ್ನು ಎರಡು ಅಂಗುಲ ದಪ್ಪಕ್ಕೆ ಹರಡಿದೆ. ಅದೇ ಒಪ್ಪಿತು.

ತಟ್ಟೆಯನ್ನು ಅನ್ನ ಹಾಲಿನಿಂದ ದೂರ, ಜನ ತುಳಿದಾಡದ ಮೂಲೆಯಲ್ಲಿಡಬೇಕು. ಉಣ್ಣುವ ಎಡೆಯಲ್ಲಿ ಹೊಲಸು ಮಾಡಲು ಬೆಕ್ಕಿಗೂ ಮನಸ್ಸಾಗದು. ಇಷ್ಟಾದರೂ ಎರಡು ದಿನ ಮರಿಗಳು ಅದರಲ್ಲಿ ಮಲಗಿದವೇ ಹೊರತು ಬೇರೇನೂ ಮಾಡಲಿಲ್ಲ. ಆಗ ದಾರಿ ತೋರಿಸಿದವಳು ಅವ್ವ. “ಹೊಸ ಮರಳಲ್ಲಿ ಅದರ ವಾಸನೆ ಎಲ್ಲಿದೆ ಮಗ? ಒಂದು ಚೂರು ತಂದು ಹಾಕು” ಎಂದಳು. ಮೂಲೆಯಲ್ಲಿ ಬಿದ್ದಿದ್ದುದರಲ್ಲಿ ಸ್ವಲ್ಪವನ್ನು ತಟ್ಟೆಗೆ ಹಾಕಿದೆ. ಈ ಉಪಾಯವನ್ನು ಮುಂದೆ ನಾನು ಪುಸ್ತಕದಲ್ಲಿಯೂ ಕಂಡೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬೆಕ್ಕುಗಳನ್ನು ಬಹಳ ವರ್ಷಗಳಿಂದ ನೋಡಿದ್ದಳು, ಅಷ್ಟೆ.

ಮುಂದಿನದು ಹೊತ್ತಿನ ಪ್ರಶ್ನೆ. ಮರಿ ನಿದ್ದೆಯಿಂದ ಎದ್ದೊಡನೆ, ಉಂಡ ಸ್ವಲ್ಪ ಹೊತ್ತಿಗೆ, ಆಟವಾಡಿ ನಿಂತಾಗ, ಈ ಮೂರು ಸಮಯಗಳಲ್ಲಿ ಅದನ್ನು ಮೆಲ್ಲಗೆ ಎತ್ತಿ ತಟ್ಟೆಯಲ್ಲಿ ಬಿಡಬೇಕು. ಬೆರಳಿನಿಂದ ಮರಳನ್ನು ಕೆರೆದು ತೋರಿಸಬಹುದು, ಒತ್ತಿ ಹಿಡಿಯಬಾರದು. ಮೂಲೆ ಮೂಸುತ್ತ ಸುತ್ತುವುದು, ಕುಕ್ಕರಿಸಲು ನೋಡುವುದು ಇವು ಸೂಚನೆಗಳು. ಮೊದಲ ಕೆಲವು ದಿನ ಮರಿಗಳನ್ನು ಒಂದೇ ಕೋಣೆಯಲ್ಲಿಟ್ಟುಕೊಳ್ಳುವುದು ಉತ್ತಮ. ತಟ್ಟೆ ದೂರವಿದ್ದರೆ ಎಳೆಯ ಮರಿ ಅಲ್ಲಿಯವರೆಗೆ ತಡೆಯಲಾರದು. ಸರಿಯಾಗಿ ಮಾಡಿದಾಗ ಮೆಲುಮಾತಿನಿಂದ ತಲೆ ಸವರಿದರೆ ಸಾಕು.

ಶುಚಿಯ ವಿಷಯವನ್ನು ಕೊನೆಗೆ ಹೇಳುತ್ತಿದ್ದರೂ ಅದೇ ಮುಖ್ಯ. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮ ಪರೋಪಜೀವಿ ಇಲಿ, ಹಸಿಮಾಂಸಗಳ ಮೂಲಕ ಬೆಕ್ಕಿನ ಹೊಟ್ಟೆ ಸೇರಿ ಮಲದಲ್ಲಿ ಹೊರಬೀಳಬಹುದು. ಬಸುರಿಗೆ ಇದು ಹೊಸದಾಗಿ ತಗಲಿದರೆ ಗರ್ಭದಲ್ಲಿರುವ ಶಿಶುವಿಗೆ ಅಪಾಯವುಂಟು. ಅಕ್ಕ ಮನೆಯಲ್ಲಿದ್ದುದರಿಂದ ಇದನ್ನು ಕೇಳಿ ನನ್ನ ಎದೆ ಝಲ್ಲೆಂದಿತು. ಆದರೆ ವೈದ್ಯರು ಧೈರ್ಯ ಹೇಳಿದರು. ಹೊರಬಿದ್ದ ಮಲ ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದುಹಾಕಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಬಸುರಿಯಾದವಳು ತಟ್ಟೆಯನ್ನು ಮುಟ್ಟಬಾರದು. ಬೇರೆಯವರು ತೆಗೆದು ಸೋಪಿನಿಂದ ಕೈ ತೊಳೆಯಬೇಕು. ತೆಗೆದ ಮರಳನ್ನು ಸೊಪ್ಪಿನ ಮಡಿಗೆ ಸುರಿಯದೆ ದೂರದಲ್ಲಿ ಹೂಳಬೇಕು. ಬೆಳಿಗ್ಗೆ ಸಂಜೆ ಈ ಕೆಲಸ ನನ್ನದಾಯಿತು. ಮರಿಗಳಿಗೂ ಇದು ಹಿತವೇ. ತಟ್ಟೆ ಕೊಳಕಾದರೆ ಅವು ಬೇರೆ ಮೂಲೆ ನೋಡಿಕೊಳ್ಳುತ್ತವೆ.

ಚೆನ್ನಾಗಿ ಕಲಿತ ಬೆಕ್ಕು ಇದ್ದಕ್ಕಿದ್ದಂತೆ ತಪ್ಪು ಮಾಡತೊಡಗಿದರೆ ಬೈಯುವ ಮೊದಲು ಕಾಯಿಲೆಯನ್ನು ಶಂಕಿಸಬೇಕು. ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ, ಅದರಲ್ಲಿಯೂ ಗಂಡುಬೆಕ್ಕಿನಲ್ಲಿ, ಪ್ರಾಣಾಪಾಯವುಂಟು. ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು.

ಆರನೆಯ ದಿನ ಮೂರು ಮರಿಗಳೂ ತಾವಾಗಿ ತಟ್ಟೆಗೆ ಹೋದವು. ಎಂಟನೆಯ ದಿನ ಸಂಜೆ ಅಪ್ಪ ಗಿರಣಿಯಿಂದ ಬರುವಾಗ ಕೈಯಲ್ಲಿ ಗೋಣಿಚೀಲವಿತ್ತು. ನನಗೆ ಮಾತೇ ಹೊರಡಲಿಲ್ಲ. ಅವರು ಅದನ್ನು ಮೂಲೆಯಲ್ಲಿ ಇಳಿಸಿ, “ಮರಳು ತಂದಿವ್ನಿ, ಜರಡಿ ಹಿಡ್ಕೋ” ಎಂದು ಕಾಲು ತೊಳೆಯಲು ಹೋದರು.

ಅಕ್ಕನಿಗೆ ಹೆಣ್ಣುಮಗುವಾಯಿತು, ತಾಯಿ ಮಗು ಕ್ಷೇಮ. ಒಂದು ಮರಿ ನೆರೆಯವರ ಮನೆ ಸೇರಿತು, ಎರಡು ನಮ್ಮಲ್ಲಿವೆ. ಗ್ರಂಥಾಲಯದ ಪುಸ್ತಕಗಳೂ ಈಗ ಕ್ಷೇಮ. ಮರಿಗೆ ನಾನು ಕಲಿಸಿದೆನೆಂದು ಹೇಳಿಕೊಳ್ಳಲಾರೆ; ಶುಚಿಯಾಗಿರುವ ಆಸೆ ಅದಕ್ಕೆ ಹುಟ್ಟಿನಿಂದಲೇ ಇತ್ತು, ಜಾಗ ನಮ್ಮಲ್ಲಿರಲಿಲ್ಲ. ಮರಿ ತಪ್ಪು ಮಾಡಿತೆಂದು ಚೀಲ ಹುಡುಕುವ ಮೊದಲು, ವಾಚಕರು ಒಂದು ತಟ್ಟೆ ಮರಳನ್ನು ಇಟ್ಟು ನೋಡಬೇಕೆಂದು ನನ್ನ ಬಿನ್ನಹ.