ಸಂಗಡಿಗರಿಗೂ ಹೆಸರಿದೆ

ಯಲ್ಲಾಪುರ ತಾಲ್ಲೂಕಿನ ನಂದೊಳ್ಳಿ ಘಟ್ಟದ ಮೇಲಿನ ಊರು. ಅಡಿಕೆ ತೋಟ, ಅದರಾಚೆ ಕಾಡು. ಜಿಲ್ಲಾ ಕೇಂದ್ರ ಕಾರವಾರವಾದರೂ ಈ ಭಾಗಕ್ಕೆ ದಶಕಗಳ ಕಾಲ ಆಕಾಶವಾಣಿ ಎಂದರೆ ಧಾರವಾಡವೇ. 1950ರ ಜನವರಿ 8ರಂದು ಶುರುವಾದ ಆ ನಿಲಯದ ಮಧ್ಯಮ ತರಂಗ ನೆಲವನ್ನು ಹಿಡಿದು ಗುಡ್ಡ ಬಳಸಿ ಬರುತ್ತದೆ. ಕಾರವಾರದ ಎಫ್‌ಎಂಗೆ ಘಟ್ಟವೇ ಗೋಡೆ.

ಧಾರವಾಡದಿಂದ ಬಂದ ಹೆಣ್ಣುದನಿಗಳಲ್ಲಿ ದೊಡ್ಡದು ಗಂಗೂಬಾಯಿ ಹಾನಗಲ್ಲರದು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿರುವುದು ಎಳೆಯ, ತೆಳುವಾದ ಕಂಠ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಡುಸಾಯಿತು. ಎರಡೂ ಉಳಿದಿರುವುದರಿಂದಲೇ ಆ ಬದಲಾವಣೆಯನ್ನು ಇಂದಿಗೂ ಕಿವಿಯಾರೆ ಕೇಳಬಹುದು.

ಎಲ್ಲ ದನಿಗಳಿಗೂ ಈ ಭಾಗ್ಯ ಇರಲಿಲ್ಲ. ರೇಡಿಯೊದ ಮೊದಲ ಕಾಲದಲ್ಲಿ ಹೆಚ್ಚಿನದೆಲ್ಲ ನೇರ ಪ್ರಸಾರ. ಟೇಪು ಬಂದ ಮೇಲೂ ಅದು ದುಬಾರಿಯಾದ್ದರಿಂದ ಒಂದನ್ನು ಅಳಿಸಿ ಇನ್ನೊಂದನ್ನು ಮುದ್ರಿಸುತ್ತಿದ್ದರು. ಬಿಬಿಸಿಯಂಥ ಸಂಸ್ಥೆಯೂ ಹೀಗೆ ಬಹಳಷ್ಟನ್ನು ಕಳೆದುಕೊಂಡಿದೆ. ಹಾಗಾಗಿ ಅಳಿಯದೆ ಉಳಿದ ಒಂದೊಂದು ಸುರುಳಿಗೂ ಬೆಲೆ ಕಟ್ಟಲಾಗದು.

ಘಟ್ಟ ಇಳಿದರೆ ಅಂಕೋಲಾ. ಅಲ್ಲಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಓದು ಬರಹ ಕಲಿತವರಲ್ಲ; ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಅವರ ನೆನಪಿನಲ್ಲಿತ್ತು. ಕಾರವಾರ ಆಕಾಶವಾಣಿ ಆ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು.

ಆದರೆ ಇಂಥ ಹಾಡು ಒಂಟಿ ದನಿಯದಲ್ಲ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ಜನಪದ ಗೀತೆಗಳ ಪ್ರಸಾರದಲ್ಲಿ ಆ ಉಳಿದವರೆಲ್ಲ ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾರೆ. ದನಿ ಉಳಿದು ಹೆಸರು ಹೋಗುವುದು ಅರ್ಧ ನಷ್ಟವೇ.

ಟೇಪು ಉಳಿಸುವ ಕೆಲಸವೂ ಸಲೀಸಲ್ಲ. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಟೇಪುಗಳ ಅಂಟು ನೀರು ಹೀರಿ ಮೆತ್ತಗಾಗಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಅಂಥವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ, ಮತ್ತೆ ಕೆಡುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇದನ್ನು ಎಂಜಿನಿಯರು ಮಾಡಬಲ್ಲರು. ಹಾಡು ಯಾವ ಶಾಸ್ತ್ರದ್ದು, ಯಾವ ಸೀಮೆಯ ಧಾಟಿ, ಹಿಂದಿನ ಸಾಲಿನಲ್ಲಿ ಹಾಡಿದವರು ಯಾರು ಎಂಬುದನ್ನು ಮಾತ್ರ ಊರಿನವರೇ ಹೇಳಬೇಕು.

ನಂದೊಳ್ಳಿಯಂಥ ಊರು ಬೇಕಾಗುವುದು ಇಲ್ಲಿಯೇ. ಈ ಸೀಮೆಯ ಹವ್ಯಕರ ಮದುವೆಯಲ್ಲಿ ಅರಿಶಿನಕ್ಕೊಂದು, ಧಾರೆಗೊಂದು, ಆರತಿಗೊಂದು ಹಾಡು. ಅವನ್ನು ಬಾಯಿಪಾಠ ಮಾಡಿಕೊಂಡ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ನಿಲಯದವರು ಹಳೆಯ ಮುದ್ರಿಕೆಗಳ ಪ್ರತಿಯನ್ನು ಇಂಥ ಊರುಗಳಿಗೆ ಒಯ್ದು ಜಗುಲಿಯಲ್ಲಿ ಕೇಳಿಸಲಿ. ಗುರುತು ಹಿಡಿದವರು ಹೇಳಿದ್ದನ್ನು ಬರೆದುಕೊಂಡು, ಸಂಗಡಿಗರ ಪ್ರತಿಯೊಂದು ಹೆಸರನ್ನೂ ಕಡತಕ್ಕೆ ಸೇರಿಸಲಿ.