ಮೊದಲ ತುಳಿತಕ್ಕೇ ಹಿಡಿಯುವ ಬ್ರೇಕ್

ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಎಂಜಿಬಿ ಕಾರುಗಳ ಸಂಖ್ಯೆ ಐದು ಲಕ್ಷ ದಾಟುತ್ತದೆ. ಆ ಪುಟ್ಟ ಸ್ಪೋರ್ಟ್ಸ್ ಕಾರನ್ನು ಇಂದಿಗೂ ಜೋಪಾನವಾಗಿ ಓಡಿಸುವವರು ಬಹಳ ಮಂದಿ ಇರುವುದರಿಂದ ಅದರ ಬಹುತೇಕ ಬಿಡಿಭಾಗಗಳು ಹೊಸದಾಗಿಯೇ ಸಿಗುತ್ತವೆ. ಮುಂದಿನ ಚಕ್ರಗಳಿಗೆ 10.75 ಇಂಚಿನ ಡಿಸ್ಕ್, ಹಿಂದಿನವಕ್ಕೆ ಡ್ರಮ್: ಇದು ಅದರ ಬ್ರೇಕ್ ವ್ಯವಸ್ಥೆ. ಸವೆದ ಡಿಸ್ಕನ್ನೂ ಪ್ಯಾಡನ್ನೂ ಬದಲಿಸಲು ಹೊರಟವರ ಮುಂದೆ ಈಗ ನುಣುಪಾದ ಸಾದಾ ಡಿಸ್ಕ್, ಗೀರು ಕೊರೆದದ್ದು, ತೂತು ಹೊಡೆದದ್ದು ಎಲ್ಲವೂ ಬರುತ್ತವೆ. ಪ್ಯಾಡಿನಲ್ಲೂ ಸಾಧಾರಣದಿಂದ ರೇಸಿನವರೆಗೆ ಹಲವು ದರ್ಜೆಗಳಿವೆ. ರೇಸಿಗೆ ಆಗುವುದು ರಸ್ತೆಗೆ ಆಗದಿರುತ್ತದೆಯೇ ಎಂದು ಹೆಚ್ಚು ದುಡ್ಡು ಕೊಟ್ಟು ಅದನ್ನೇ ಕೊಳ್ಳುವವರಿದ್ದಾರೆ. ಆಗುವುದಿಲ್ಲ ಎಂಬುದು ಈ ಲೇಖನದ ವಾದ. ರಸ್ತೆಯ ಮೇಲೆ ಓಡುವ ಹಳೆಯ ಕಾರಿನ ಬ್ರೇಕನ್ನು, ತಣ್ಣಗಿರುವಾಗ ಬೀಳುವ ಮೊದಲ ತುಳಿತವನ್ನು ನೆನೆದು ಆರಿಸಬೇಕು. ಕಾದು ಕೆಂಪಾದ ಹತ್ತನೆಯ ತುಳಿತವನ್ನು ನೆನೆದಲ್ಲ.

ಬ್ರೇಕ್ ಮಾಡುವ ಕೆಲಸ ಒಂದೇ, ವೇಗವನ್ನು ಶಾಖವಾಗಿಸುವುದು. ಚಾಲಕರನ್ನೂ ಸೇರಿಸಿ ಕಾರಿನ ತೂಕ ಸುಮಾರು 1000 ಕಿಲೋ ಎಂದುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಿಂದ ಅದನ್ನು ನಿಲ್ಲಿಸಿದರೆ 386 ಕಿಲೋಜೂಲ್‌ನಷ್ಟು ಶಾಖ ಹುಟ್ಟುತ್ತದೆ. ಒಂದು ಲೀಟರ್ ತಣ್ಣೀರು ಕುದಿಯಲು ಅಷ್ಟು ಸಾಕು. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಡಿಸ್ಕ್‌ಗಳಿಗೆ ಹೋಯಿತು, ಎರಡೂ ಸೇರಿ 8 ಕಿಲೋ ಕಬ್ಬಿಣವಿದೆ ಎಂದು ಲೆಕ್ಕ ಹಾಕಿದರೆ, ಅವುಗಳ ಬಿಸಿ ಏರುವುದು ಸುಮಾರು 70 ಡಿಗ್ರಿ. ಊರೊಳಗಿನ ವೇಗದಲ್ಲಿ ಇದು ಇನ್ನೂ ಎಷ್ಟೋ ಕಡಿಮೆ, ಏಕೆಂದರೆ ವೇಗ ಅರ್ಧವಾದರೆ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ರೇಸಿನ ಪ್ಯಾಡುಗಳೋ, ನೂರಾರು ಡಿಗ್ರಿ ಕಾದ ಮೇಲೆ ಚೆನ್ನಾಗಿ ಹಿಡಿಯುವಂತೆ ಬೆರೆಸಿ ಮಾಡಿದಂಥವು. ಚಳಿಗಾಲದ ಬೆಳಿಗ್ಗೆ ಮನೆಯಿಂದ ಹೊರಟ ಎರಡನೆಯ ನಿಮಿಷದಲ್ಲಿ ಮಗುವೊಂದು ಅಡ್ಡ ಬಂದರೆ ಅಂಥ ಪ್ಯಾಡು ಜಾರುತ್ತದೆ. ಆರಂಭದ ವರ್ಷಗಳ ಬಹುಪಾಲು ಎಂಜಿಬಿಗಳಲ್ಲಿ ಕಾಲಿನ ಬಲವನ್ನು ಹೆಚ್ಚಿಸುವ ಸರ್ವೋ ಕೂಡ ಇಲ್ಲ. ಪ್ಯಾಡು ಹಿಡಿಯದಿದ್ದರೆ ಅದರ ಕೊರತೆಯನ್ನು ತುಂಬಬೇಕಾದದ್ದು ಕಾಲೇ.

ಪ್ಯಾಡಿನ ಸ್ವಭಾವ ತಿಳಿಯಲು ಅಂಗಡಿಯವರ ಮಾತನ್ನೇ ನಂಬಬೇಕಿಲ್ಲ. ಹಲವು ಪ್ಯಾಡುಗಳ ಅಂಚಿನಲ್ಲಿ ಅಚ್ಚಾದ ಸಂಕೇತದ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಹೆಚ್ಚು ಕಾದಾಗ ಪ್ಯಾಡಿಗಿರುವ ಘರ್ಷಣೆಯನ್ನು ಹೇಳುತ್ತದೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ರಸ್ತೆಯ ಕಾರಿಗೆ ‘ಎಫ್‌ಎಫ್’ ಒಳ್ಳೆಯ ಆಯ್ಕೆ: ಸಾಧಾರಣ ಬಿಸಿಯಲ್ಲೂ ಹೆಚ್ಚು ಕಾದಾಗಲೂ ಹಿಡಿತ ಬಹುತೇಕ ಒಂದೇ. ಮುಂದೆ ಅತಿ ಚುರುಕಿನ ಪ್ಯಾಡು ಹಾಕಿ ಹಿಂದಿನ ಡ್ರಮ್ಮನ್ನು ಹಾಗೇ ಬಿಟ್ಟರೆ, ಕಾರ್ಖಾನೆ ಹೊಂದಿಸಿಟ್ಟ ಹಿಂದುಮುಂದಿನ ಸಮತೋಲ ಕೆಡುತ್ತದೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಕಾರಿನಲ್ಲಿ ಒದ್ದೆ ರಸ್ತೆಯ ಮೇಲೆ ಮುಂದಿನ ಚಕ್ರಗಳು ಬೇಗನೆ ಜಾಮ್ ಆಗಿ, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿ ಜಾರುತ್ತದೆ.

ತೂತುಗಳ ಮೋಹಕ್ಕೆ ಇತಿಹಾಸದ ಬೆಂಬಲವಿದೆ ಎನ್ನುವವರಿದ್ದಾರೆ. ಡಿಸ್ಕ್ ಬ್ರೇಕಿಗೆ ಬ್ರಿಟಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಾದರೂ ಅದಕ್ಕೆ ಹೆಸರು ಬಂದದ್ದು 1953ರಲ್ಲಿ, ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ರೇಸ್ ಗೆದ್ದಾಗ. ರೇಸು ಕಲಿಸಿದ್ದನ್ನೇ ರಸ್ತೆ ಕಲಿತಿತು ಎಂಬುದು ನಿಜ. ಆದರೆ ಅಲ್ಲಿ ಪ್ರತಿ ಸುತ್ತಿನಲ್ಲೂ ಸುಮಾರು ಆರು ಕಿ.ಮೀ. ನೇರ ದಾರಿಯ ತುದಿಯಲ್ಲಿ ಪೂರ್ಣ ವೇಗದಿಂದ ಬ್ರೇಕ್ ಒತ್ತಬೇಕಿತ್ತು, ಅದೂ 24 ಗಂಟೆ ಕಾಲ. ಪೇಟೆಗೆ ಹೋಗಿಬರುವ ಕಾರಿನ ಬಾಳು ಅದಲ್ಲ. ಕಾದ ಪ್ಯಾಡಿನಿಂದ ಹೊಮ್ಮುವ ಅನಿಲ ಹೊರಹೋಗಲೆಂದು ತೂತು ಕೊರೆಯುತ್ತಿದ್ದರು. ಇಂದಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಉಳಿಯುವುದು ನಷ್ಟವೇ: ಶಾಖ ಹೀರುವ ಕಬ್ಬಿಣ ಕಡಿಮೆಯಾಗುತ್ತದೆ, ಕಾದು ತಣಿಯುವಾಗ ಬಿರುಕು ತೂತಿನ ಅಂಚಿನಿಂದಲೇ ಶುರುವಾಗುತ್ತದೆ. ಗೀರುಗಳು ನೀರನ್ನೂ ಪುಡಿಯನ್ನೂ ಒರೆಸುತ್ತವೆ, ಅಷ್ಟರಮಟ್ಟಿಗೆ ಅವು ಪರವಾಗಿಲ್ಲ. ಪ್ಯಾಡು ಮಾತ್ರ ಬೇಗ ಸವೆಯುತ್ತದೆ.

ಇಂದಿನ ಸಂಚಾರ 1960ರ ದಶಕದ ಸಂಚಾರದಂತಿಲ್ಲ, ಹಾಗಾಗಿ ಬ್ರೇಕ್ ಬಲವಾಗಲೇಬೇಕು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಸರಿಯಾಗಿರುವ ಎಂಜಿಬಿ ಬ್ರೇಕು ಚಕ್ರಗಳನ್ನು ಜಾಮ್ ಮಾಡುವಷ್ಟು ಬಲದ್ದೇ. ಚಕ್ರ ಜಾಮ್ ಆದ ಮೇಲೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಟೈರು. ಹತ್ತು ವರ್ಷ ನಿಂತು ಗಟ್ಟಿಯಾದ ಟೈರಿಟ್ಟುಕೊಂಡು ದುಬಾರಿ ಡಿಸ್ಕ್ ಕೊಳ್ಳುವುದು ವ್ಯರ್ಥ. ಆಲ್ಪ್ಸ್‌ನಂಥ ಉದ್ದ ಇಳಿಜಾರಿನ ಮಾತು ಬೇರೆ, ಅಲ್ಲಿ ಡಿಸ್ಕ್ ತಣಿಯಲು ಬಿಡುವಿರುವುದಿಲ್ಲ. ಅಂಥ ದಾರಿಯಲ್ಲಿ ಆಗಾಗ ಓಡಿಸುವವರು ಒಂದು ದರ್ಜೆ ಮೇಲಿನ, ತಣ್ಣಗಿದ್ದಾಗಲೂ ಹಿಡಿಯುವ ಪ್ಯಾಡು ಹಾಕಲಿ. ಆದರೆ ಅಲ್ಲಿಯೂ ಮೊದಲು ಕೈಕೊಡುವುದು ಎಷ್ಟೋ ಸಲ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಕಾರ್ಖಾನೆಯ ಕಾಲದ್ದೇ ಬೇಕೆಂದು ದಶಕಗಳ ಹಳೆಯ ಸ್ಟಾಕಿನ ಪ್ಯಾಡು ಹುಡುಕುವವರಿಗೆ ಹೇಳಬೇಕಾದದ್ದು ಒಂದೇ: ಬೇಡ. ಅವುಗಳಲ್ಲಿ ಕಲ್ನಾರು ಇರುತ್ತಿತ್ತು; ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ, ಬ್ರಿಟನ್ 1999ರಲ್ಲಿ ಅದನ್ನು ನಿಷೇಧಿಸಿತು. ಕಾರಿನಲ್ಲಿ ಹಳೆಯ ಪ್ಯಾಡೇ ಇದ್ದರೆ ಬಿಚ್ಚುವಾಗ ಗಾಳಿ ಊದಿ ಧೂಳೆಬ್ಬಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ರೇಸಿನ ಭಾಗಗಳನ್ನು ಕೊಳ್ಳದೆ ಉಳಿಸಿದ ದುಡ್ಡನ್ನು ಕಬ್ಬಿಣದ ಗುಣಕ್ಕೆ ಹಾಕಿ. ಒಳ್ಳೆಯ ಎರಕದ ಸಾದಾ ಡಿಸ್ಕ್, ತಿಂಗಳುಗಟ್ಟಲೆ ನಿಲ್ಲುವ ಕಾರಾದ್ದರಿಂದ ತುಕ್ಕು ತಡೆಯುವ ಲೇಪನವಿದ್ದರೆ ಇನ್ನೂ ಮೇಲು. ಎರಡೂ ಬದಿಯನ್ನು ಒಟ್ಟಿಗೇ ಬದಲಿಸಿ. ಕೂರಿಸುವ ಮುನ್ನ ಹಬ್ಬಿನ ಮುಖದ ತುಕ್ಕನ್ನು ಪೂರ್ತಿ ಉಜ್ಜಿಸಿ, ಡಯಲ್ ಗೇಜ್ ಇಟ್ಟು ಓಲಾಟ ನೋಡಿಸಿ. ಅಲ್ಲಿ ಕುಳಿತ ಒಂದು ಚಕ್ಕೆ ತುಕ್ಕು ಮುಂದೆ ಪೆಡಲಿನ ನಡುಕವಾಗುತ್ತದೆ, ತಪ್ಪು ಡಿಸ್ಕಿನ ತಲೆಗೆ ಬರುತ್ತದೆ. ಕ್ಯಾಲಿಪರ್ ಪಿಸ್ಟನ್ ಸಲೀಸಾಗಿ ಸರಿಯುತ್ತದೆಯೇ, ರಬ್ಬರ್ ಹೋಸ್ ಬಿರಿದಿದೆಯೇ ಎಂದು ನೋಡಿ, ಆಯಿಲ್ ಬದಲಿಸಿ. ಹೊಸ ಪ್ಯಾಡು ಡಿಸ್ಕಿಗೆ ಒಗ್ಗುವವರೆಗೆ, ಅಂದರೆ ಮೊದಲ ಕೆಲವು ನೂರು ಕಿ.ಮೀ., ತುರ್ತಿಲ್ಲದೆ ಜೋರಾಗಿ ತುಳಿಯಬೇಡಿ.