ನಿಮಗಿದು ಗೊತ್ತೇ? ಬರ್ಮಾದ ಪೊಲೀಸ್, ಮಸ್ಕಿಯ ಬಂಡೆ, ಸಿಂಧನೂರಿನ ಕ್ಯಾಂಪು

● '1984' ಕಾದಂಬರಿ ಬರೆದ ಜಾರ್ಜ್ ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ನಿಜನಾಮ ಎರಿಕ್ ಬ್ಲೇರ್. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ಅಧಿಕಾರಿ. ಹೌದು, ಸರ್ಕಾರವೇ ಅಫೀಮು ಬೆಳೆಸಿ ಮಾರುತ್ತಿದ್ದ ಕಾಲ ಅದು!

● ಹತ್ತೊಂಬತ್ತರ ಹರೆಯಕ್ಕೇ ಆರ್ವೆಲ್ ಪೊಲೀಸ್ ಅಧಿಕಾರಿ. 1922ರಿಂದ 1927ರವರೆಗೆ ಬರ್ಮಾದಲ್ಲಿ ನೌಕರಿ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ, ಬೇರೆಯಾದದ್ದು 1937ರಲ್ಲಿ. ಅಲ್ಲಿನ ಬದುಕನ್ನೇ ಇಟ್ಟುಕೊಂಡು ಬರೆದ 'ಬರ್ಮೀಸ್ ಡೇಸ್' 1934ರಲ್ಲಿ ಮೊದಲು ಅಚ್ಚಾದದ್ದು ನ್ಯೂಯಾರ್ಕಿನಲ್ಲಿ. ಮಾನನಷ್ಟ ಮೊಕದ್ದಮೆಯ ಭಯಕ್ಕೆ ಲಂಡನ್ನಿನ ಪ್ರಕಾಶಕರು ಹಿಂದೇಟು ಹಾಕಿದ್ದರು.

● ಅಧಿಕಾರದ ಕುರ್ಚಿಯಿಂದ ಕಾದಂಬರಿಗೆ ಬಂದವರಲ್ಲಿ ಆರ್ವೆಲ್ ಮೊದಲಿಗನೇನಲ್ಲ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ 1840ರ ದಶಕದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕೂಡ ಕಾದಂಬರಿಕಾರ. 1839ರಲ್ಲಿ ಬಂದ ಅವನ 'ಕನ್ಫೆಷನ್ಸ್ ಆಫ್ ಎ ಥಗ್' ಪುಸ್ತಕವನ್ನು ವಿಕ್ಟೋರಿಯಾ ರಾಣಿ ಕರಡಚ್ಚಿನಲ್ಲೇ ತರಿಸಿಕೊಂಡು ಓದಿದಳಂತೆ. ಟೇಲರನ ಕಥೆಯಲ್ಲಿ ಸರ್ಕಾರ ಕಾಪಾಡುತ್ತದೆ, ಆರ್ವೆಲ್‌ನ ಕಥೆಯಲ್ಲಿ ಅದೇ ಕಾಡುತ್ತದೆ. ನನ್ನನ್ನು ಕೇಳಿದರೆ, ಇಬ್ಬರನ್ನೂ ಒಟ್ಟಿಗೆ ಓದಬೇಕು.

● ಆರ್ವೆಲ್‌ನ 'ಅನಿಮಲ್ ಫಾರ್ಮ್' ಹಸ್ತಪ್ರತಿಯನ್ನು ತಿರಸ್ಕರಿಸಿದವರ ಪಟ್ಟಿಯಲ್ಲಿ ಕವಿ ಟಿ.ಎಸ್. ಎಲಿಯಟ್ ಕೂಡ ಇದ್ದಾರೆ! ಪುಸ್ತಕ ಹೊರಬಂದದ್ದು 1945ರ ಆಗಸ್ಟ್‌ನಲ್ಲಿ.

● '1984'ರ ನಾಯಕ ವಿನ್‌ಸ್ಟನ್ ಸ್ಮಿತ್‌ನ ಕೆಲಸವೇನು ಗೊತ್ತೇ? ಹಳೆಯ ಪತ್ರಿಕೆಗಳನ್ನು ತಿದ್ದುವುದು. ಸರ್ಕಾರ ಇಂದು ಹೇಳಿದ್ದಕ್ಕೆ ನಿನ್ನೆಯ ವರದಿ ಹೊಂದಬೇಕು. ಬೇಡವಾದವರ ಹೆಸರು ದಾಖಲೆಯಲ್ಲೇ ಇರಬಾರದು. ಮಸ್ಕಿಯವರು ಇಲ್ಲಿ ಸ್ವಲ್ಪ ಬೀಗಬಹುದು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಅಲ್ಲಿನ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ದೇಶದ ತುಂಬ ಸಿಕ್ಕಿದ್ದ ಶಾಸನಗಳು ಯಾರವು ಎಂಬ ಅನುಮಾನ ಅಲ್ಲಿಗೆ ತೀರಿತು. ಬಂಡೆಗೆ ಕೆತ್ತಿದ್ದನ್ನು ತಿದ್ದಲು ವಿನ್‌ಸ್ಟನ್‌ನಿಂದಲೂ ಆಗುತ್ತಿರಲಿಲ್ಲ.

● '1984' ಪ್ರಕಟವಾದದ್ದು 1949ರ ಜೂನ್ 8ರಂದು. ಕ್ಷಯರೋಗದಿಂದ ನರಳುತ್ತಲೇ ಆರ್ವೆಲ್ ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿ ಅದನ್ನು ಬರೆದು, ತಾನೇ ಟೈಪ್ ಮಾಡಿ ಮುಗಿಸಿದ್ದ. ಮರುವರ್ಷದ ಜನವರಿ 21ಕ್ಕೆ ತೀರಿಕೊಂಡ. ವಯಸ್ಸು 46.

● ಎಲ್ಲರ ಮೇಲೂ ಕಣ್ಣಿಡುವ ಸರ್ಕಾರದ ಕಥೆ ಬರೆದವನ ಮೇಲೆ ಬ್ರಿಟಿಷ್ ಗುಪ್ತಚರರೂ ಕಣ್ಣಿಟ್ಟಿದ್ದರು. ಆ ಕಡತ ಬಹಿರಂಗವಾದದ್ದು 2007ರಲ್ಲಿ. ಅವನ ಉಡುಪಿನ ಬಗ್ಗೆಯೂ ಅದರಲ್ಲಿ ಟಿಪ್ಪಣಿಯಿದೆ!

● ಆರ್ವೆಲ್ ಬರ್ಮಾದ ಬಗ್ಗೆ ಬರೆದದ್ದು ಒಂದಲ್ಲ, ಮೂರು ಕಾದಂಬರಿ ಎಂದು ಬರ್ಮಾದವರು ತಮಾಷೆ ಮಾಡುತ್ತಾರೆ: 'ಬರ್ಮೀಸ್ ಡೇಸ್', 'ಅನಿಮಲ್ ಫಾರ್ಮ್', '1984'. ತಮಾಷೆಗೆ ಕಾರಣವಿದೆ. 1962ರ ಮಾರ್ಚ್‌ನಲ್ಲಿ ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ. ಎರಡೇ ವರ್ಷದಲ್ಲಿ ಅಂಗಡಿಗಳು ಸರ್ಕಾರದ ವಶವಾದವು, 50 ಮತ್ತು 100 ಕ್ಯಾಟ್ ನೋಟುಗಳು ರದ್ದಾದವು. ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಭಾರತೀಯ ಮೂಲದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬರಿಗೈಯಲ್ಲಿ ಹಡಗು ಹತ್ತಿದರು. 1987ರಲ್ಲಿ ಅದೇ ಜನರಲ್ ಮತ್ತೆ ನೋಟು ರದ್ದು ಮಾಡಿ, ಒಂಬತ್ತರಿಂದ ಭಾಗವಾಗುವ 45 ಮತ್ತು 90ರ ನೋಟು ತಂದ. ಒಂಬತ್ತು ಅವನ ಅದೃಷ್ಟ ಸಂಖ್ಯೆಯಂತೆ!

● ಹಾಗೆ ಬರ್ಮಾ ಬಿಟ್ಟು ಬಂದ ಕುಟುಂಬಗಳಲ್ಲಿ ಕೆಲವಕ್ಕೆ ನೆಲೆ ಸಿಕ್ಕಿದ್ದು ಸಿಂಧನೂರಿನಲ್ಲಿ, ಬಂಗಾಳಿ ನಿರಾಶ್ರಿತರಿಗೂ ಜಾಗ ಕೊಟ್ಟ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ. ಸಿಂಧನೂರಿನ ಕಾಲೇಜು ಹುಡುಗ ಹುಡುಗಿಯರೇ, '1984' ಓದುವುದಾದರೆ ಓದಿ. ಅದಕ್ಕೂ ಮೊದಲು ಕ್ಯಾಂಪಿಗೆ ಹೋಗಿ, ಅಲ್ಲಿನ ಹಿರಿಯರು ಹೇಳುವುದನ್ನು ಬರೆದುಕೊಳ್ಳಿ.